ಎದೆ ನೋವು ಅಂದೆ, ಇಸಿಜಿ ಮಾಡಿದರು

ಆಗ ನನಗೆ 22 ವರ್ಷ. ಶಿಡ್ಲಘಟ್ಟದ ಒಂದು ಚಿಕ್ಕ ಕ್ಲಿನಿಕ್ಕು. ಚೀಟಿ ಬರೆಯುತ್ತಿದ್ದ ಹುಡುಗನಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. 'ಏನು ತೊಂದ್ರೆ?' ಅಂತ ಕೇಳಿದ. ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. 'ಎದೆ ನೋವು' ಅಂದೆ. ಅವನು ಗಾಬರಿಯಾಗಿ ಸಾಲು ತಪ್ಪಿಸಿ ನನ್ನನ್ನು ಮೊದಲೇ ಒಳಗೆ ಕಳಿಸಿದ.

ನರ್ಸ್ ಕೈಕಾಲಿಗೆ ಕ್ಲಿಪ್ಪು ಹಾಕಿ, ಎದೆಯ ಮೇಲೆ ರಬ್ಬರಿನ ಬುರುಡೆಗಳನ್ನು ಅಂಟಿಸಿದರು. ಅದರಲ್ಲೊಂದು ನನ್ನ ಎಡಮೊಲೆಯಲ್ಲಿದ್ದ ಗಂಟಿಗಿಂತ ನಾಲ್ಕು ಬೆರಳು ಕೆಳಗೆ ಕೂತಿತ್ತು. ಅವರ ಕೈ ಸ್ವಲ್ಪ ಮೇಲೆ ಬಂದಿದ್ದರೆ ಸಿಕ್ಕೇ ಬಿಡುತ್ತಿತ್ತು. ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. 'ಹಾರ್ಟ್ ಚೆನ್ನಾಗಿದೆಯಮ್ಮಾ, ಗ್ಯಾಸ್ ಇರಬೇಕು' ಅಂತ ಡಾಕ್ಟರು ಮಾತ್ರೆ ಬರೆದರು. ಆ ಚೀಟಿ ಹಿಡಿದುಕೊಂಡು ಮನೆಗೆ ನಡೆದು ಬಂದೆ.

ಇದೆಲ್ಲ ಆಗಿ 13 ವರ್ಷವಾಯಿತು. ಈಗ ಬರೆಯುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಅವಳಿಗೆ 19. ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. 'ಚಿಕ್ಕಮ್ಮಾ, ಒಂದು ವಿಷಯ. ಅಮ್ಮಂಗೆ ಹೇಳ್ಬೇಡಿ' ಅಂದಳು. ಆಮೇಲೆ ಮಾತಿಲ್ಲ. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. 'ಗಂಟಾ?' ಅಂತ ನಾನೇ ಕೇಳಿದೆ. ಆ ಕಡೆ ಅಳು ಶುರುವಾಯಿತು.

ಅವತ್ತು ಅವಳಿಗೆ ಹೇಳಿದ್ದು, ಹೇಳಲು ಮರೆತಿದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅವಳ ವಯಸ್ಸಿನ ಹುಡುಗಿಯರು ಓದಲಿ. ಅವರ ಅಮ್ಮಂದಿರು ಓದಿದರೆ ಇನ್ನೂ ಒಳ್ಳೆಯದು.

ನನಗೆ ಗಂಟು ಸಿಕ್ಕಿದ್ದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮನೆ ತುಂಬ ಅವರೆಯ ಸೊಗಡು. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಹಿತಕುತ್ತಾ ಕೂರುತ್ತೇವೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಹಿಡಿತ ಸರಿಯಿಲ್ಲದಿದ್ದರೆ ಕಾಳು ಹಾಗೇ ಜಾರಿ ಪಕ್ಕಕ್ಕೆ ಹೋಗುತ್ತದೆ. ಅವತ್ತು ಒಂದು ಪಾತ್ರೆ ಕಾಳು ಹಿತಕಿ ಮುಗಿಸಿ ಸ್ನಾನಕ್ಕೆ ಹೋಗಿದ್ದೆ. ಸೋಪು ಹಚ್ಚುವಾಗ ಎಡಮೊಲೆಯ ಮೇಲೆ, ಕಂಕುಳಿನ ಕಡೆಗೆ, ಬೆರಳಿಗೆ ಏನೋ ತಾಗಿತು. ಒತ್ತಿದೆ, ಜಾರಿತು. ಹುಡುಕಿದೆ, ಸಿಕ್ಕಿತು, ಮತ್ತೆ ಜಾರಿತು. ನೆನೆದ ಅವರೆಕಾಳಿನ ಹಾಗೇ. ಗಾತ್ರ ಮಾತ್ರ ಅದಕ್ಕಿಂತ ದೊಡ್ಡದು.

ಹಾಗೆ ಜಾರುವುದು ಒಳ್ಳೆಯ ಲಕ್ಷಣ ಅಂತ ಆಗ ನನಗೆ ಯಾರು ಹೇಳಬೇಕು? ಕೈಗೆ ಸಿಕ್ಕಿದರೂ ನಿಲ್ಲದೆ ಓಡುತ್ತದೆ ಅಂತ ಡಾಕ್ಟರುಗಳು ಇಂಗ್ಲಿಷಿನಲ್ಲಿ ಇದಕ್ಕೆ ಇಲಿಯ ಹೆಸರು ಇಟ್ಟಿದ್ದಾರೆ, 'ಬ್ರೆಸ್ಟ್ ಮೌಸ್' ಅಂತ. ನನ್ನ ಕೇಳಿದರೆ ಅವರೆಕಾಳು ಅನ್ನುವುದೇ ಸರಿ.

ಆಮೇಲೆ 40 ದಿನ ಯಾರಿಗೂ ಹೇಳಲಿಲ್ಲ. ನಮ್ಮ ಬೀದಿಯ ಒಬ್ಬ ಆಂಟಿಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದುದನ್ನು ನೋಡಿದ್ದೆ. ಹೋಗಿ ಬಂದ ಮೇಲೆ ಅವರ ಕೂದಲು ಉದುರಿದ್ದು ನೋಡಿದ್ದೆ. ಗಂಟು ಅಂದರೆ ಅದೊಂದೇ ಚಿತ್ರ ನನ್ನ ತಲೆಯಲ್ಲಿ. ಮನೆಯಲ್ಲಿ ಗಂಡು ನೋಡುವ ಮಾತು ಬೇರೆ ಶುರುವಾಗಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಒತ್ತಿ ನೋಡುತ್ತಿದ್ದೆ. ಬೆಳಗ್ಗೆ ಎದ್ದ ಕೂಡಲೇ ಒತ್ತಿ ನೋಡುತ್ತಿದ್ದೆ. ನೋವಿಲ್ಲದ ಗಂಟು ಅದು. ನಾನು ಒತ್ತಿ ಒತ್ತಿಯೇ ಸುತ್ತಲಿನ ಜಾಗ ನೋಯತೊಡಗಿತು. ಆ ನೋವನ್ನೇ ನೆಪ ಮಾಡಿಕೊಂಡು ಆ ಕ್ಲಿನಿಕ್ಕಿಗೆ ಹೋಗಿದ್ದು.

ಒಂದು ವಿಷಯ ಈಗಲೂ ನನ್ನನ್ನು ಕಾಡುತ್ತದೆ. ನಮ್ಮ ಮನೆಯಲ್ಲಿ ಎರಡು ಸೀಮೆಹಸು ಇದ್ದವು. ಹಸುವಿನ ಕೆಚ್ಚಲು ಒಂದು ಕಡೆ ಗಟ್ಟಿಯಾದರೆ ಅಪ್ಪ ಅವತ್ತೇ ದನದ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಸಂಜೆ ಡೇರಿಯಲ್ಲಿ ಹಾಲು ಹಾಕುವಾಗ ಎಲ್ಲರ ಮುಂದೆ 'ಕೆಚ್ಚಲು ಬಾವು ಬಂದೈತೆ' ಅಂತ ಹೇಳುತ್ತಿದ್ದರು. ಯಾರಿಗೂ ಅದು ನಾಚಿಕೆಯ ಮಾತು ಅನ್ನಿಸುತ್ತಿರಲಿಲ್ಲ. ಮೊಲೆಹಾಲು ಅನ್ನುವುದಕ್ಕೂ ನಮಗೆ ಸಂಕೋಚ ಇಲ್ಲ. ಮಗು ಇಲ್ಲದ ಹುಡುಗಿ ಅದೇ ಪದ ಹೇಳಿದರೆ ಮಾತ್ರ ಅದು ಕೆಟ್ಟ ಮಾತು. ಅದಕ್ಕೇ ನಾವೆಲ್ಲ 'ಎದೆ' ಅನ್ನುತ್ತೇವೆ. ಹಾಗೆ ಅಂದಿದ್ದಕ್ಕೇ ನನಗೆ ಇಸಿಜಿ ಆಗಿದ್ದು.

ಕೊನೆಗೆ ಅಮ್ಮನಿಗೆ ಹೇಳಿದ್ದು ಹುಳದ ಮನೆಯಲ್ಲಿ. ಅಮ್ಮ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದರು. ಹುಳ ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗಿರುತ್ತದೆ. ಆ ಸದ್ದಿನಲ್ಲಿ ಹೇಳುವುದು ನನಗೆ ಸುಲಭವಾಯಿತು. ಅಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. 'ಎಷ್ಟು ದಿನ ಆಯ್ತು ಮಗಾ?' ಅಂದರು. ಬೇರೇನೂ ಕೇಳಲಿಲ್ಲ. ಆಮೇಲೆ, 'ಇನ್ನೊಂದು ವಾರ ತಡಿ. ನಾಲ್ಕನೇ ಜ್ವರ ಎದ್ದೈತೆ' ಅಂದರು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಒಂದು ವಾರದಲ್ಲೇ ಅದು ತನ್ನ ಜೀವಮಾನದ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪು ತಿನ್ನುತ್ತದೆ. ಆಗ ಮನೆ ಬಿಟ್ಟು ಹೋದರೆ ಬೆಳೆಯೇ ಹೋಯಿತು. ಅವತ್ತು ನನಗೆ ಅಮ್ಮನ ಮೇಲೆ ತುಂಬ ಸಿಟ್ಟು ಬಂತು. ಹುಳಕ್ಕಿಂತ ನಾನು ಕಡೆಯಾದೆನಾ ಅಂತ. ಆದರೆ ಆ ಏಳೂ ರಾತ್ರಿ ಅಮ್ಮ ನನ್ನ ಪಕ್ಕದಲ್ಲೇ ಮಲಗಿದರು. ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿದ ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಚಿಕ್ಕಬಳ್ಳಾಪುರಕ್ಕೆ ಹೊರಟೆವು.

ನೋಡಿದವರು ಹೆಂಗಸು, ಸರ್ಜನ್. ಮೊದಲು ಕೇಳಿದ್ದು 'ಕೊನೇ ಸಲ ಮುಟ್ಟಾಗಿದ್ದು ಯಾವಾಗ?' ನನಗೆ ತಟ್ಟನೆ ನೆನಪಾಗಲಿಲ್ಲ. ಅಮ್ಮ ತಾರೀಖು ಸಮೇತ ಹೇಳಿದರು. ಮುಟ್ಟಾದ ದಿನ ನಾನು ಹುಳದ ಮನೆಗೆ ಕಾಲಿಡಬಾರದು ಅನ್ನುವುದು ನಮ್ಮ ಮನೆಯ ಕಟ್ಟು. ಆ ಕಟ್ಟಿನ ಮೇಲೆ ನನಗೆ ಯಾವತ್ತೂ ಸಿಟ್ಟಿತ್ತು. ಆದರೆ ಅದರಿಂದಾಗಿ ಅಮ್ಮನಿಗೆ ಲೆಕ್ಕ ಪಕ್ಕಾ ಇತ್ತು. ಡಾಕ್ಟರು ಹಾಗೆ ಕೇಳಲು ಕಾರಣವಿದೆ. ಮುಟ್ಟಿಗೆ ಮುಂಚಿನ ವಾರ ಹಾರ್ಮೋನಿನಿಂದಾಗಿ ಮೊಲೆ ಬಿಗಿಯಾಗುತ್ತದೆ, ನೋಯುತ್ತದೆ, ಒಳಗೆಲ್ಲ ಗಂಟುಗಂಟಾಗಿ ಸಿಗುತ್ತದೆ. ಎಷ್ಟೋ ಹುಡುಗಿಯರು ಅದನ್ನೇ ಗಡ್ಡೆ ಅಂದುಕೊಂಡು ಹೆದರುತ್ತಾರೆ. ಮುಟ್ಟು ನಿಂತು ಕೆಲವು ದಿನವಾದ ಮೇಲೆ ಮೊಲೆ ಮೆತ್ತಗಿರುತ್ತದೆ. ಮುಟ್ಟಿ ನೋಡುವುದಿದ್ದರೆ ಆಗ ನೋಡಬೇಕು.

ಮಲಗಿಸಿ, ಎಡಗೈಯನ್ನು ತಲೆಯ ಹಿಂದೆ ಇಡಿಸಿದರು. ಬೆರಳ ತುದಿಯಿಂದ ಚುಚ್ಚಲಿಲ್ಲ. ಮೂರು ಬೆರಳನ್ನು ಚಪ್ಪಟೆಯಾಗಿಟ್ಟು, ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ನೋಡಿದರು. ಎರಡೂ ಕಡೆ. ಎರಡೂ ಕಂಕುಳು. ಗಂಟು ಸಿಕ್ಕಾಗ ಆ ಕಡೆ ಈ ಕಡೆ ಸರಿಸಿ, 'ನೋಡು, ಓಡ್ತಿದೆ' ಅಂದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ನಾನು ಆ ಮುಖವನ್ನೇ ನೋಡುತ್ತಿದ್ದೆ.

ಆಮೇಲೆ ಸ್ಕ್ಯಾನಿಂಗ್. ಅಲ್ಲಿ ಹೊಟ್ಟೆ ಹೊತ್ತ ಹೆಂಗಸರ ಸಾಲು. ಗೋಡೆಯ ಮೇಲೆ 1994ರ ಕಾಯ್ದೆಯ ಬೋರ್ಡು, ಭ್ರೂಣದ ಲಿಂಗ ಹೇಳುವುದಿಲ್ಲ ಅಂತ. ಮದುವೆಯಾಗದ ನಾನು ಆ ಬೆಂಚಿನ ಮೇಲೆ ಕೂತಿದ್ದನ್ನು ಯಾರಾದರೂ ಊರಿನವರು ನೋಡಿದರೆ ಏನಂದುಕೊಳ್ಳುತ್ತಾರೋ ಅಂತ ಅಮ್ಮ ಸೆರಗು ಹೊದ್ದು ನನ್ನನ್ನು ಮರೆ ಮಾಡಿ ಕೂತರು. ಒಳಗೆ ತಣ್ಣಗಿನ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬೂದುಬಣ್ಣದ ನಡುವೆ ಒಂದು ಕಪ್ಪುಛಾಯೆಯ ಮೊಟ್ಟೆ ಆಕಾರ, ಅಂಚು ನುಣ್ಣಗೆ. ರೇಷ್ಮೆಗೂಡನ್ನು ಅಡ್ಡ ಮಲಗಿಸಿದ ಹಾಗೆ. ಉದ್ದ 18 ಮಿಲಿಮೀಟರ್.

ಮ್ಯಾಮೊಗ್ರಾಂ, ಅಂದರೆ ಮೊಲೆಯ ಎಕ್ಸ್-ರೇ, ಯಾಕೆ ಮಾಡಲಿಲ್ಲ ಅಂತ ಅಕ್ಕನ ಮಗಳು ಕೇಳಿದಳು. ಚಿಕ್ಕ ವಯಸ್ಸಿನಲ್ಲಿ ಮೊಲೆಯ ಒಳಗಿನ ಊತಕ ಒತ್ತಾಗಿರುತ್ತದೆ. ಮ್ಯಾಮೊಗ್ರಾಂನಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ನಂದಿಬೆಟ್ಟದ ಮಂಜಿನಲ್ಲಿ ಬಿಳಿ ಬಟ್ಟೆ ಹುಡುಕಿದ ಹಾಗಾಗುತ್ತದೆ. ಅದಕ್ಕೇ 30ರ ಒಳಗಿನವರಿಗೆ ಮೊದಲು ಅಲ್ಟ್ರಾಸೌಂಡ್. ಗಟ್ಟಿ ಗಂಟೋ ನೀರಿನ ಗುಳ್ಳೆಯೋ ಅನ್ನುವುದೂ ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ರಿಪೋರ್ಟಿನ ಕೊನೆಯಲ್ಲಿ 'ಬೈರಾಡ್ಸ್ 3' ಅಂತ ಇತ್ತು. ಮೂರನೇ ಹಂತದ ಕ್ಯಾನ್ಸರ್ ಅಂದುಕೊಂಡು ನನ್ನ ಕೈಕಾಲು ತಣ್ಣಗಾಯಿತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಅದು ಕ್ಯಾನ್ಸರಿನ ಹಂತ ಅಲ್ಲ. ಸ್ಕ್ಯಾನ್ ನೋಡಿದವರು ಎಷ್ಟು ಅನುಮಾನ ಪಡುತ್ತಿದ್ದಾರೆ ಅಂತ ಹೇಳುವ ನಂಬರು. 0ಯಿಂದ 6ರವರೆಗೆ ಇದೆ. 2 ಅಂದರೆ ಖಂಡಿತ ನಿರಪಾಯದ್ದು. 3 ಅಂದರೆ ಹೆಚ್ಚುಕಮ್ಮಿ ನಿರಪಾಯದ್ದೇ, ಕೆಟ್ಟದಿರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರುವುದಿಲ್ಲ, ಆದರೂ ಆರು ತಿಂಗಳಿಗೆ ಇನ್ನೊಂದು ಸಲ ನೋಡೋಣ ಅಂತ. 4 ಬಂದರೆ ಸಾಮಾನ್ಯವಾಗಿ ಸೂಜಿ ಹಾಕಿ ತುಣುಕು ತೆಗೆದು ನೋಡಬೇಕು. ಆವಾಗಲೂ ಅದು ಕ್ಯಾನ್ಸರೇ ಅಂತ ಅರ್ಥವಲ್ಲ.

ನನಗೆ ಸೂಜಿ ಪರೀಕ್ಷೆಯನ್ನೂ ಮಾಡಿದರು. ರಕ್ತ ತೆಗೆಯುವಂಥದ್ದೇ ತೆಳು ಸೂಜಿ. 'ಸೂಜಿ ಹಾಕಿದ್ರೆ ಗಡ್ಡೆ ಕೆರಳುತ್ತೆ, ಹರಡುತ್ತೆ' ಅಂತ ಊರಲ್ಲಿ ದೊಡ್ಡಮ್ಮ ಹೆದರಿಸಿದ್ದರು. ಇದು ನಮ್ಮ ಜಿಲ್ಲೆಯಲ್ಲಿ ಎಲ್ಲ ಕಡೆ ಕೇಳುವ ಮಾತು. ಅದು ನಿಜವಲ್ಲ. ಆ ಮಾತು ನಂಬಿ ಪರೀಕ್ಷೆ ತಪ್ಪಿಸಿಕೊಂಡವರಿಗೆ ಆಗುವ ನಷ್ಟ ಮಾತ್ರ ನಿಜ. ಕೈಯಲ್ಲಿ ಮುಟ್ಟಿ ನೋಡಿದ್ದು, ಸ್ಕ್ಯಾನ್, ಸೂಜಿ, ಮೂರೂ ನಿರಪಾಯದ್ದು ಅಂತ ಒಂದೇ ಉತ್ತರ ಕೊಟ್ಟರೆ ಧೈರ್ಯವಾಗಿರಬಹುದು. ನನ್ನ ಮೂರೂ ಒಂದೇ ಹೇಳಿದವು: ಫೈಬ್ರೋಅಡಿನೋಮಾ, ಕ್ಯಾನ್ಸರ್ ಅಲ್ಲದ ಗಂಟು.

15ರಿಂದ 35ರೊಳಗಿನ ಹೆಣ್ಣುಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ಹಾಲಿನ ಗ್ರಂಥಿ ಮತ್ತು ಅದರ ಸುತ್ತಲಿನ ನಾರು ಒಂದು ಕಡೆ ಸ್ವಲ್ಪ ಜಾಸ್ತಿ ಬೆಳೆದು ಉಂಡೆಯಾಗುತ್ತದೆ. ಮೈಯಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇರುವವರೆಗೆ ಇರಬಹುದು. ಕೆಲವರಲ್ಲಿ ತಾನೇ ಕರಗುತ್ತದೆ, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲಂತೂ ಸಾಮಾನ್ಯವಾಗಿ ಕುಗ್ಗುತ್ತದೆ. ನೀವು ತಿಂದಿದ್ದಕ್ಕೆ ಬಂದಿದ್ದಲ್ಲ, ಕಪ್ಪು ಬ್ರಾ ಹಾಕಿದ್ದಕ್ಕೆ ಬಂದಿದ್ದಲ್ಲ, ಯಾರ ಶಾಪವೂ ಅಲ್ಲ.

'ಹಂಗಾದ್ರೆ ತೆಗೆದುಬಿಡಿ ಡಾಕ್ಟ್ರೇ' ಅಂದರು ಅಮ್ಮ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. 'ನೋಡಿಮ್ಮಾ, ತೆಗೆಯೋದು ದೊಡ್ಡ ಕೆಲಸ ಅಲ್ಲ. ಆದ್ರೆ ಗಾಯದ ಗುರುತು ಉಳಿಯುತ್ತೆ. ನಾಳೆ ಇನ್ನೊಂದು ಕಡೆ ಬಂದ್ರೆ ಅದನ್ನೂ ತೆಗಿಸ್ತೀರಾ? 3 ಸೆಂಟಿಮೀಟರ್ ದಾಟಿದ್ರೆ, ಬೇಗ ಬೇಗ ಬೆಳೆದ್ರೆ, ಆಕಾರ ಬದಲಾದ್ರೆ ಆವಾಗ ತೆಗಿಯೋಣ. ಅಥವಾ ಇದರ ಯೋಚನೆಯಲ್ಲೇ ಇವಳಿಗೆ ನಿದ್ದೆ ಬರಲ್ಲ ಅಂದ್ರೂ ತೆಗಿಯೋಣ. ಅದೂ ಒಂದು ಕಾರಣವೇ.' ಆಮೇಲೆ ನನ್ನ ಕಡೆ ತಿರುಗಿ 'ನೀನೇನಂತೀಯಾ?' ಅಂದರು. ಅಷ್ಟು ದಿನದಲ್ಲಿ ನನ್ನನ್ನು ಹಾಗೆ ಕೇಳಿದ್ದು ಅವರೊಬ್ಬರೇ. ಬೇಡ ಅಂದೆ.

ಬಸ್ಸಿನಲ್ಲಿ ಅಮ್ಮನಿಗೆ ಸಮಾಧಾನವಿಲ್ಲ. 'ಇಷ್ಟು ದೂರ ಬಂದ್ವಿ, ದುಡ್ಡು ಕಟ್ಟಿದ್ವಿ, ಏನೂ ಮಾಡ್ಲಿಲ್ವಲ್ಲ' ಅಂತ ದಾರಿಯುದ್ದಕ್ಕೂ. ನಾನು ಮಾತ್ರ ಕಿಟಕಿ ಪಕ್ಕ ಕೂತು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ.

ಅಮ್ಮನ ಆ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. 40 ದಿನ ನಾನು ಏನೂ ಮಾಡಿರಲಿಲ್ಲ. ಆಮೇಲೆ ಎರಡು ವರ್ಷ ಡಾಕ್ಟರೂ ಏನೂ ಮಾಡಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಗಂಟನ್ನು ನಾನು ಬಚ್ಚಿಟ್ಟುಕೊಂಡಿದ್ದೆ. ಎರಡನೆಯದರಲ್ಲಿ ಅದನ್ನು ಅಳೆದು, ಬರೆದು, ಮತ್ತೆ ಬಾ ಅಂತ ತಾರೀಖು ಕೊಟ್ಟಿದ್ದರು. ಆರು ತಿಂಗಳಿಗೆ 18 ಮಿಲಿಮೀಟರ್. ವರ್ಷಕ್ಕೆ 17. ಎರಡು ವರ್ಷಕ್ಕೆ 18. ಹೆಸರು ಗೊತ್ತಾದ ಗಂಟನ್ನು ಸುಮ್ನೆ ಬಿಡುವುದು ಚಿಕಿತ್ಸೆ. ಹೆಸರು ಗೊತ್ತಿಲ್ಲದ್ದನ್ನು ಸುಮ್ನೆ ಬಿಡುವುದು ಅಪಾಯ. ಮನೆಯಲ್ಲಿ ಕೂತು ಕೈಯಲ್ಲಿ ಒತ್ತಿ ಯಾರೂ ಹೆಸರು ಹೇಳಲು ಆಗುವುದಿಲ್ಲ, ನನ್ನ ಅವರೆಕಾಳಿನ ಹೋಲಿಕೆ ಹಿಡಿದುಕೊಂಡೂ ಆಗುವುದಿಲ್ಲ.

ಮದುವೆ ಮಾತು ಬಂದಾಗ ಮನೆಯಲ್ಲಿ ಮುಚ್ಚಿಡೋಣ ಅಂದರು. ನಾನು ಹುಡುಗನಿಗೆ ನೇರವಾಗಿ ಹೇಳಿದೆ. 'ನೋವಾಗುತ್ತಾ?' ಅಂತ ಮಾತ್ರ ಕೇಳಿದರು. ಬಸುರಿಯಾದಾಗ ಗಂಟು ದೊಡ್ಡದಾಯಿತು, 26 ಮಿಲಿಮೀಟರ್. ಹಾರ್ಮೋನು ಜಾಸ್ತಿಯಾದಾಗ ಹೀಗೆ ಬೆಳೆಯಬಹುದು ಅಂತ ಮೊದಲೇ ಹೇಳಿದ್ದರಿಂದ ತೋರಿಸಿಕೊಂಡೆ, ಸ್ಕ್ಯಾನ್ ಆಯಿತು, ಏನೂ ತೊಂದರೆ ಇರಲಿಲ್ಲ. ಗಂಟಿದ್ದರೆ ಹಾಲು ಕೆಡುತ್ತದೆ ಅಂತ ಬಾಣಂತನದಲ್ಲಿ ಯಾರೋ ಅಂದರು. ಅದೇ ಮೊಲೆಯಿಂದ ಮಗ ಒಂದೂವರೆ ವರ್ಷ ಹಾಲು ಕುಡಿದ. ಮಗು ಹಾಲು ಬಿಟ್ಟ ಮೇಲೆ ನೋಡಿದರೆ ಗಂಟು 15ಕ್ಕೆ ಇಳಿದಿತ್ತು.

ಹೋದ ವರ್ಷ ಬಲಗಡೆ ಇನ್ನೊಂದು. ಇದು ಬೇರೆ ಥರ. ಮುಟ್ಟಿಗೆ ನಾಲ್ಕು ದಿನ ಮುಂಚೆ ಇದ್ದಕ್ಕಿದ್ದಂತೆ ಬಿಗಿಯಾಗಿ, ನೋವಿನಿಂದ ಕೈ ಎತ್ತಲಾಗದ ಹಾಗೆ ಬಂತು. ಸ್ಕ್ಯಾನಿನಲ್ಲಿ ಕಡುಗಪ್ಪು ದುಂಡು, ಒಳಗೆ ಬರೀ ನೀರು. ಸಿಸ್ಟ್. 35ರ ಆಚೆ ಈಚೆ ಇವು ಜಾಸ್ತಿ. ಒಳಗೆ ತೆಳ್ಳಗಿನ ನೀರು ಬಿಟ್ಟರೆ ಬೇರೇನೂ ಇಲ್ಲದ ಸಾದಾ ಗುಳ್ಳೆಯಾದರೆ, ನೋವಿಲ್ಲದಿದ್ದರೆ, ಮುಟ್ಟುವ ಅಗತ್ಯವೇ ಇಲ್ಲ. ನನಗೆ ನೋವಿತ್ತು ಅಂತ ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ಎಳೆದರು. ಸಿರಿಂಜಿನಲ್ಲಿ ಹಸಿರು ಕಲೆತ ನೀರು ಬಂತು. ಬರುತ್ತಾ ಬರುತ್ತಾ ಗಂಟು ಮಾಯ. ನೀರಿನಲ್ಲಿ ರಕ್ತವಿದ್ದರೆ, ಅಥವಾ ಗುಳ್ಳೆಯೊಳಗೆ ಗಟ್ಟಿ ಭಾಗ ಕಂಡರೆ ಮಾತ್ರ ಮುಂದಿನ ಪರೀಕ್ಷೆ. ಮತ್ತೆ ತುಂಬಿಕೊಳ್ಳಬಹುದು ಅಂದಿದ್ದಾರೆ. ತುಂಬಿದರೆ ಮತ್ತೆ ಹೋಗುತ್ತೇನೆ.

ಹರಳೆಲೆ ಬಿಸಿ ಮಾಡಿ ಕಟ್ಟುವುದು, ಗಂಟು ಕರಗಲಿ ಅಂತ ಎಣ್ಣೆ ಹಚ್ಚಿ ನೀವುವುದು ನಮ್ಮಲ್ಲಿ ಈಗಲೂ ಇದೆ. ಇದರಿಂದ ಫೈಬ್ರೋಅಡಿನೋಮಾ ಕರಗುವುದಿಲ್ಲ. ವಿಟಮಿನ್ ಇ ಮಾತ್ರೆಯನ್ನೂ ಬರೆದುಕೊಡುತ್ತಾರೆ, ಅದರಿಂದ ಗಂಟು ಹೋಗುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಮುಟ್ಟಿಗೆ ಮುಂಚಿನ ನೋವಿಗೆ ಸರಿಯಾದ ಅಳತೆಯ, ಚೆನ್ನಾಗಿ ಹಿಡಿದುಕೊಳ್ಳುವ ಬ್ರಾ ನಿಜವಾಗಿ ಸಹಾಯ ಮಾಡುತ್ತದೆ. ಇದನ್ನು ಯಾರೂ ಹುಡುಗಿಯರಿಗೆ ಹೇಳುವುದಿಲ್ಲ. ಅಂಗಡಿಯಲ್ಲಿ ಅಳತೆ ಕೇಳುವುದಕ್ಕೂ ನಮಗೆ ನಾಚಿಕೆ.

ಇನ್ನು, ಒಂದು ದಿನವೂ ತಡ ಮಾಡಬಾರದ ಚಿಹ್ನೆಗಳಿವೆ. ಗಂಟು ಕಲ್ಲಿನಂತೆ ಗಟ್ಟಿಯಾಗಿ, ಅಲುಗಾಡದೆ ಅಂಟಿಕೊಂಡಿದ್ದರೆ. ಮೇಲಿನ ಚರ್ಮ ಗುಳಿಬಿದ್ದರೆ, ಕಿತ್ತಳೆ ಸಿಪ್ಪೆಯಂತಾದರೆ. ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ಅದರಿಂದ ರಕ್ತ ಬಂದರೆ, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿಯಾದರೆ. ಕಂಕುಳಲ್ಲಿ ಗಂಟು ಸಿಕ್ಕರೆ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. ನಮ್ಮ ದೇಶದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಬರುತ್ತಿರುವ ಕ್ಯಾನ್ಸರ್ ಇದೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಮೊಲೆ ಪರೀಕ್ಷೆಯ ಕಾರ್ಯಕ್ರಮ ಇದೆ. ಅಮ್ಮಂದಿರೇ, ನೀವು ಹೋಗಿ.

ಹಾಗಂತ ನನ್ನ ಹಾಗೆ ದಿನಾ ಒತ್ತಿ ನೋಡಬೇಡಿ. ಶಾಂಘೈನ ಬಟ್ಟೆ ಕಾರ್ಖಾನೆಗಳ ಸುಮಾರು 2,66,000 ಹೆಂಗಸರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದರು. ಅರ್ಧದಷ್ಟು ಜನಕ್ಕೆ ಸ್ವಂತ ಪರೀಕ್ಷೆ ಕಲಿಸಿದರು. 2002ರಲ್ಲಿ ಫಲಿತಾಂಶ ಬಂತು. ಕಲಿತವರಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾಗಿರಲಿಲ್ಲ. ನಿರಪಾಯದ ಗಂಟುಗಳು ಮಾತ್ರ ಜಾಸ್ತಿ ಸಿಕ್ಕಿದ್ದವು. ನೂಲಿನ ಕೆಲಸದ ಆ ಹೆಂಗಸರನ್ನು ನೆನೆದಾಗ ನನಗೆ ನಮ್ಮೂರಿನ ರೇಷ್ಮೆ ಬಿಚ್ಚುವವರೇ ಕಣ್ಣಮುಂದೆ ಬರುತ್ತಾರೆ. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವವರು. ನಿಮ್ಮ ಮೊಲೆ ಸಾಮಾನ್ಯವಾಗಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಿದ್ದರೆ ಸಾಕು. ಬದಲಾದರೆ ಹೋಗಿ ತೋರಿಸಿ.

ಅಕ್ಕನ ಮಗಳನ್ನು ಮುಂದಿನ ಸೋಮವಾರವೇ ಕರೆದುಕೊಂಡು ಹೋದೆ. ಅಕ್ಕನಿಗೆ ಹೇಳಲೇಬೇಕು ಅಂತ ಅವಳನ್ನು ಒಪ್ಪಿಸಿದ್ದೆ. ಅಕ್ಕನೂ ಬಂದಳು. ಚೀಟಿ ಕೌಂಟರಿನಲ್ಲಿ ಉದ್ದನೆ ಸಾಲು. ನಮ್ಮ ಸರದಿ ಬಂದಾಗ ನಾನು ಮುಂದೆ ಹೋಗಲು ನೋಡಿದೆ. ಅವಳು ನನ್ನ ಕೈ ಹಿಡಿದು ತಡೆದಳು. ಗಾಜಿನ ಆಚೆಯಿಂದ ತಲೆ ಎತ್ತದೆ ಕೇಳಿದರು, 'ಏನು ತೊಂದ್ರೆ?'

'ಮೊಲೆಯಲ್ಲಿ ಗಂಟಿದೆ' ಅಂದಳು. ದನಿ ಸ್ವಲ್ಪ ನಡುಗಿತು, ಆದರೆ ಎಲ್ಲರಿಗೂ ಕೇಳಿಸಿತು.

ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಅವಳ ಬೆನ್ನ ಮೇಲೆ ಕೈಯಿಟ್ಟರು. ಒಳಗಿದ್ದವರು ಬರೆದುಕೊಂಡು ಚೀಟಿ ಹರಿದು ಕೊಟ್ಟರು. 'ಸರ್ಜರಿ ಓಪಿಡಿ, ಎಡಗಡೆ ಮೂರನೇ ರೂಮು. ಲೇಡಿ ಡಾಕ್ಟ್ರು ಇದ್ದಾರೆ, ಹೋಗಮ್ಮಾ.'